ಅದು ಹಾಲಿನ ಲೆಕ್ಕ ಆಗಿರಲಿಲ್ಲ

ನಮ್ಮ ರೂಮಿನ ಗೋಡೆಗೆ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗಿರುತ್ತದೆ. ಪ್ರತಿ ವರ್ಷ ಅಮ್ಮ ಊರಿಂದ ಕಳಿಸುತ್ತಾಳೆ. ಏಕಾದಶಿ, ಸಂಕಷ್ಟಿ ಮರೆಯಬಾರದು ಅಂತ. 2023ರದ್ದರಲ್ಲಿ ಆಗಸ್ಟ್ 12ರ ಮನೆಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟಿದ್ದೆ. ಅಲ್ಲಿಂದ ಮುಂದೆ ಏಳು ದಿನಕ್ಕೊಂದು ಚುಕ್ಕೆ. ರೂಮ್‌ಮೇಟ್ ಒಂದು ದಿನ ಅದನ್ನು ನೋಡಿ, "ಏನೇ ಇದು, ಹಾಲಿನ ಲೆಕ್ಕಾನಾ?" ಅಂದಳು. ಹೂಂ ಅಂದೆ. ನಾವು ಹಾಲು ತರುವುದು ಪ್ಯಾಕೆಟ್‌ನಲ್ಲಿ, ಕೈಯಲ್ಲಿ ದುಡ್ಡು ಕೊಟ್ಟು. ಅದು ಅವಳಿಗೂ ಗೊತ್ತು. ಮುಂದೆ ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಆ ಚುಕ್ಕೆಯ ಹಿಂದೆ ಇದ್ದವನು ಹಳೇ ಆಫೀಸಿನ ಗೆಳೆಯ. 12ನೇ ತಾರೀಕು, ಶನಿವಾರ, ಮೂರ್ನಾಲ್ಕು ಜನ ಊಟಕ್ಕೆ ಸೇರಿದ್ದೆವು. ಉಳಿದವರು ಹೋದರು, ನಾನು ಹೋಗಲಿಲ್ಲ. ಕಾಂಡೋಮ್ ಇರಲಿಲ್ಲ. ಇಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಹೋಗಿ ತರೋಣ ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಮೆಡಿಕಲ್ ಶಾಪ್‌ಗೆ ಓಡಿದೆ. ತುರ್ತು ಗರ್ಭನಿರೋಧಕ ಮಾತ್ರೆ, ಲೀವೋನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. 72 ಗಂಟೆಯೊಳಗೆ ತಗೋಬೇಕು ಅನ್ನುವುದು ಟಿವಿ ಜಾಹೀರಾತು ನೋಡಿ ಬೆಳೆದ ನನಗೆ ಬಾಯಿಪಾಠ. ನುಂಗಿ, ನೀರು ಕುಡಿದು, ಗೆದ್ದೆ ಅಂದುಕೊಂಡೆ. ನಮ್ಮಂಥವರನ್ನು ಬೆಳೆಸುವುದೇ ಹಾಗೆ ಅಲ್ವಾ. ಇರುವುದು ಒಂದೇ ಭಯ, ಬಸಿರಿನದು. ಅದು ತಪ್ಪಿದರೆ ಎಲ್ಲ ತಪ್ಪಿದ ಹಾಗೆ.

ಅದೇ 72 ಗಂಟೆಯ ಇನ್ನೊಂದು ಗಡಿಯಾರವೂ ಆ ಭಾನುವಾರ ಓಡುತ್ತಿತ್ತು. ಎಚ್‌ಐವಿ ತಗುಲಿರಬಹುದು ಅನ್ನುವ ಅನುಮಾನ ಇದ್ದರೆ, ಡಾಕ್ಟರ್ ನೋಡಿ ಬೇಕು ಅಂದರೆ, 28 ದಿನ ತಗೊಳ್ಳುವ ಪಿಇಪಿ ಅನ್ನುವ ಔಷಧಿ ಇದೆ. ಅದನ್ನೂ 72 ಗಂಟೆಯೊಳಗೇ ಶುರು ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು. ನನಗೆ ಇದು ಗೊತ್ತಾಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಮೆಡಿಕಲ್ ಶಾಪಿನವನು ಮಾತ್ರೆಯನ್ನು ಕಂದು ಕವರಿನೊಳಗೆ ಹಾಕಿ, ಅದನ್ನು ಇನ್ನೊಂದು ಕಪ್ಪು ಕವರಿನೊಳಗೆ ಹಾಕಿ, ಮುಖ ನೋಡದೆ ಕೊಟ್ಟ. ಅಷ್ಟು ಮುಚ್ಚಿ ಕೊಡುವಾಗ ಒಂದು ಮಾತು ಹೇಳಲು ಅವನಿಗೂ ಜಾಗ ಇರಲಿಲ್ಲ.

ಒಂಬತ್ತನೇ ದಿನ ಶುರುವಾಯಿತು. ಮೊದಲು ತುರಿಕೆ. ಆಮೇಲೆ ಉಚ್ಚೆ ಹೊಯ್ಯುವಾಗ ಉರಿ. ಬಿಳಿ ಸೆರಗು ನನಗೆ ಹೊಸದೇನಲ್ಲ, ಆದರೆ ಇದು ಹಾಗಿರಲಿಲ್ಲ. ಒಡೆದ ಹಾಲಿನ ಹಾಗೆ ಗಂಟುಗಂಟು. ಜೊತೆಗೆ ಒಂದು ಗುಳ್ಳೆ, ಸಾಸಿವೆ ಕಾಳಿನಷ್ಟು. ಕೈಗನ್ನಡಿ ಹಿಡಿದು, ಫೋನಿನ ಟಾರ್ಚ್ ಹಾಕಿ, ಬಾತ್‌ರೂಮಿನ ನೆಲದ ಮೇಲೆ ಕೂತು ನೋಡಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಗುಳ್ಳೆ ಬೆಳಿಗ್ಗೆಗಿಂತ ಸಂಜೆ ದೊಡ್ಡದಾಗಿದೆ ಅನ್ನಿಸುತ್ತಿತ್ತು. ನಿಜವಾಗಿ ದೊಡ್ಡದಾಗಿತ್ತೋ, ಟಾರ್ಚ್ ಹತ್ತಿರ ಹಿಡಿದಿದ್ದೆನೋ.

ಫೋನ್ ಹಿಡಿದು ಹುಡುಕಿದವರಿಗೆ ಆ ರಾತ್ರಿಗಳು ಹೇಗಿರುತ್ತವೆ ಅಂತ ಗೊತ್ತು. ಏನು ಹುಡುಕಿದರೂ ಒಂದೊಂದು ಲೈಂಗಿಕ ರೋಗದ ಹೆಸರು. ಗುಳ್ಳೆ ಅಂದರೆ ಹರ್ಪಿಸ್. ನೋವಿಲ್ಲದ ಗುಳ್ಳೆ ಅಂದರೆ ಸಿಫಿಲಿಸ್. ಏನೂ ಇಲ್ಲ ಅಂದರೂ ಕ್ಲಮಿಡಿಯ, ಯಾಕೆಂದರೆ ಹೆಂಗಸರಲ್ಲಿ ಎಷ್ಟೋ ಸಲ ಅದು ಲಕ್ಷಣವನ್ನೇ ತೋರಿಸುವುದಿಲ್ಲ. ಅಂದರೆ ಇದ್ದರೂ ಭಯ, ಇಲ್ಲದಿದ್ದರೂ ಭಯ. ಒಂದು ಕಡೆ ಓದಿದೆ: ಗಂಡಸಿಗೆ ಎಚ್‌ಐವಿ ಇದ್ದು, ಚಿಕಿತ್ಸೆ ತಗೊಳ್ಳದೇ ಇದ್ದರೂ, ಹೆಣ್ಣಿಗೆ ಒಂದು ಸಲದ ಸಂಪರ್ಕದಿಂದ ಹರಡುವ ಸಾಧ್ಯತೆ ಹತ್ತು ಸಾವಿರಕ್ಕೆ ಸುಮಾರು 8. ಕಾಮರ್ಸ್ ಓದಿದವಳು ನಾನು, ದಿನವಿಡೀ ಅಂಕಿ ನೋಡುವುದೇ ನನ್ನ ಕೆಲಸ. ರಾತ್ರಿ ಎರಡು ಗಂಟೆಗೆ ಆ 8ರಲ್ಲಿ ನಾನೂ ಒಬ್ಬಳು ಅನ್ನಿಸಿಬಿಟ್ಟಿತ್ತು.

ಮತ್ತೆ ಅದೇ ಮೆಡಿಕಲ್ ಶಾಪ್. "ತುರಿಕೆಗೆ ಒಂದು ಕ್ರೀಮ್ ಕೊಡಿ." ಎಲ್ಲಿಗೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊಟ್ಟ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ! ಅದರಲ್ಲಿ ಫಂಗಸ್ ಔಷಧಿಯ ಜೊತೆ ಜೋರಾದ ಸ್ಟೀರಾಯ್ಡ್ ಕೂಡ ಇತ್ತು ಅಂತ ನಂತರ ತಿಳಿಯಿತು. ಸ್ಟೀರಾಯ್ಡ್ ತುರಿಕೆಯನ್ನು ಮಲಗಿಸುತ್ತದೆ, ಫಂಗಸ್ಸನ್ನು ಒಳಗೊಳಗೇ ಸಾಕುತ್ತದೆ.

ಆ ನೆಮ್ಮದಿಯಲ್ಲೇ ವರಮಹಾಲಕ್ಷ್ಮಿ ಹಬ್ಬಕ್ಕೆ ಊರಿಗೆ ಹೋದೆ. 25ನೇ ತಾರೀಕು, ಹದಿಮೂರನೇ ದಿನ. ಅಮ್ಮ ಕಳಶಕ್ಕೆ ಸೀರೆ ಉಡಿಸುತ್ತಾ, "ಯಾಕೆ ಸೊರಗಿದ್ದೀಯ?" ಅಂದಳು. ಉರಿ ಉರಿ ಅಂದೆ, ಅರ್ಧ ನಿಜ. "ಉಷ್ಣ ಆಗಿದೆ. ರಾತ್ರಿ ಎಲ್ಲ ಕಂಪ್ಯೂಟರ್ ಮುಂದೆ ಕೂತರೆ ಇನ್ನೇನಾಗುತ್ತೆ." ಕಾಮಕಸ್ತೂರಿ ಬೀಜ ನೆನೆಹಾಕಿ ಪಾನಕ ಮಾಡಿ ಕೊಟ್ಟಳು. ಲೋಟದ ತುಂಬ ಕಪ್ಪೆ ಮೊಟ್ಟೆಯ ಹಾಗೆ ತೇಲುವ ಬೀಜ. ಕುಡಿದೆ. ಮುತ್ತೈದೆಯರು ಬಂದರು, ಕುಂಕುಮ ಹಚ್ಚಿದರು, ಮುಂದಿನ ವರ್ಷದೊಳಗೆ ಮದುವೆ ಆಗಲಿ ಅಂದರು. ನಾನು ಬಗ್ಗಿ ನಮಸ್ಕಾರ ಮಾಡುತ್ತಾ ಒಳಗೊಳಗೇ ಎಣಿಸುತ್ತಿದ್ದೆ. ಸಿಫಿಲಿಸ್ ಕಾಣಿಸಿಕೊಳ್ಳಲು 10ರಿಂದ 90 ದಿನ. ಇನ್ನೂ 77 ಬಾಕಿ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎಲ್ಲವೂ ಇಮ್ಮಡಿಯಾಗಿ ಬಂತು. ನಡೆದರೆ ಉರಿ. ಆ ಶನಿವಾರ ಮನಸ್ಸು ಗಟ್ಟಿ ಮಾಡಿ ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆ. ಹೆಂಗಸರ ಡಾಕ್ಟರ್. ಹೆಸರು ಕೇಳಿದರು, ವಯಸ್ಸು ಕೇಳಿದರು, ಮೂರನೇ ಪ್ರಶ್ನೆ:

"ಮದುವೆ ಆಗಿದ್ಯಾ?"

"ಇಲ್ಲ."

"ಸರಿ." ಪೆನ್ ಓಡಿತು. ಯೂರಿನ್ ಟೆಸ್ಟ್, ಜಾಸ್ತಿ ನೀರು ಕುಡಿಯಿರಿ, ಕಾಟನ್ ಒಳಉಡುಪು ಹಾಕಿ. ಪರೀಕ್ಷೆ ಮಾಡಲಿಲ್ಲ. ಮಂಚ ಅಲ್ಲೇ ಇತ್ತು, ಹಸಿರು ಪರದೆಯ ಹಿಂದೆ.

ಆ ಒಂದು ಪ್ರಶ್ನೆಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಅವರಿಗೆ ಬೇಕಾಗಿದ್ದದ್ದು ನನ್ನ ಮದುವೆಯಲ್ಲ. ಲೈಂಗಿಕ ಸಂಪರ್ಕ ಆಗಿದೆಯಾ ಅನ್ನುವುದನ್ನು ಮರ್ಯಾದೆಯ ಬಟ್ಟೆ ಸುತ್ತಿ ಕೇಳುವ ರೀತಿ ಅದು. ಕೇಳುವವರಿಗೆ ಸುಲಭ. ಉತ್ತರ ಕೊಡುವವಳು ಏನು ಹೇಳಬೇಕು? "ಮದುವೆ ಆಗಿಲ್ಲ, ಆದರೆ..." ಅಂತ ಶುರು ಮಾಡಿದರೆ ಆ "ಆದರೆ" ನನ್ನ ತಲೆ ಮೇಲೆ ಬರುತ್ತದೆ. ಹೊರಗೆ ಬೆಂಚಿನ ಮೇಲೆ ಇನ್ನೂ ಹತ್ತು ಜನ, ಬಾಗಿಲು ಅರ್ಧ ತೆರೆದಿತ್ತು. ನಾನು ಸುಮ್ನೆ ಚೀಟಿ ತಗೊಂಡು ಎದ್ದು ಬಂದೆ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ನನಗೆ ಮಾತೂ ಇರಲಿಲ್ಲ. ಡಾಕ್ಟರ್ ಹತ್ತಿರ ಕೂಡ ನಾನು ಹೇಳಿದ್ದು "ಕೆಳಗಡೆ ತುರಿಕೆ" ಅಂತ. ಕನ್ನಡದಲ್ಲಿ ಆ ಜಾಗಕ್ಕೆ ನನಗೆ ಗೊತ್ತಿರುವುದು ಒಂದೋ ಬೈಗುಳ, ಇಲ್ಲಾ ಸಂಸ್ಕೃತ. ಕಾಯಿಲೆಯ ಹೆಸರೂ ಹಾಗೇ, ಗುಪ್ತರೋಗ. ಅದರ ಪೋಸ್ಟರ್‌ಗಳಾದರೂ ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಇರುತ್ತವೆ, ಅವೂ ಗಂಡಸರಿಗೇ.

ಸೋಮವಾರ ಆಫೀಸಿನ ಟೆರೇಸಿಗೆ ಹೋಗಿ 1097ಕ್ಕೆ ಫೋನ್ ಮಾಡಿದೆ. ಅದು ಎಚ್‌ಐವಿ ಸಹಾಯವಾಣಿ, ದುಡ್ಡು ಹೋಗುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ಹೇಳಬೇಕಾಗಿಲ್ಲ ಅಂದಾಗ ಗಂಟಲು ಸ್ವಲ್ಪ ಸಡಿಲವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಐಸಿಟಿಸಿ ಅಂತ ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ ಇರುತ್ತದೆ, ಅಲ್ಲಿ ಟೆಸ್ಟ್ ಉಚಿತ, ಅಲ್ಲಿಂದಲೇ ಲೈಂಗಿಕ ರೋಗಗಳಿಗೆ ಔಷಧಿ ಕೊಡುವ ಸುರಕ್ಷಾ ಕ್ಲಿನಿಕ್‌ಗೂ ಕಳಿಸುತ್ತಾರೆ ಅಂದರು.

ಮರುದಿನ ರಜೆ ಹಾಕಿದೆ. ಸೆಪ್ಟೆಂಬರ್ 5, ಇಪ್ಪತ್ತನಾಲ್ಕನೇ ದಿನ. ದುಪಟ್ಟಾ ಮುಖಕ್ಕೆ ಸುತ್ತಿ ಹೋದೆ, ಸ್ಕೂಟಿಯಲ್ಲಿ ಹೋಗುವವರ ಹಾಗೆ. ಹೋಗಿದ್ದು ಬಸ್ಸಿನಲ್ಲಿ. ಉದ್ದನೆಯ ಕಾರಿಡಾರ್, ಕೊನೆಯಲ್ಲಿ ಕೆಂಪು ರಿಬ್ಬನ್ ಚಿತ್ರದ ಬೋರ್ಡ್. ಆ ಬೋರ್ಡ್ ಕೆಳಗೆ ನಿಲ್ಲುವುದೇ ಕಷ್ಟ. ಒಂದು ಸಲ ದಾಟಿಕೊಂಡು ಎಕ್ಸ್‌ರೇ ರೂಮಿನವರೆಗೂ ಹೋಗಿ ವಾಪಸ್ ಬಂದೆ.

ಒಳಗೆ ಆಪ್ತ ಸಮಾಲೋಚಕಿ ಒಬ್ಬರು. ಐವತ್ತರ ಆಸುಪಾಸು, ಹಣೆಯಲ್ಲಿ ದೊಡ್ಡ ಕುಂಕುಮ, ಮೇಜಿನ ಮೇಲೆ ಸ್ಟೀಲ್ ಡಬ್ಬಿ. ಅದರ ಪಕ್ಕದಲ್ಲೇ ಕಾಂಡೋಮ್ ಹಾಕುವುದನ್ನು ತೋರಿಸಲು ಇಟ್ಟಿದ್ದ ಮರದ ಶಿಶ್ನ, ಪೇಪರ್‌ವೇಟ್ ಇದ್ದ ಹಾಗೆ ಇತ್ತು. ನಿಜಕ್ಕೂ ಅದರ ಕೆಳಗೆ ನಾಲ್ಕು ಹಾಳೆ ಇದ್ದವು. ಆ ಹೆಂಗಸನ್ನು ನೋಡಿ ಅಮ್ಮನ ನೆನಪಾಗಿ ಎದೆ ಹೊಡೆದುಕೊಂಡಿತು. ಇವರ ಮುಂದೆ ಹೇಗಪ್ಪಾ ಹೇಳುವುದು? ಅವರು ಬಾಗಿಲು ಹಾಕಿ ಬಂದು ಕೂತರು.

"ಯಾವತ್ತು ಆಗಿದ್ದು, ತಾರೀಕು ಹೇಳಿ."

ಮದುವೆ ಅಲ್ಲ. ತಾರೀಕು. ನಾನು ಅಳಲು ಶುರು ಮಾಡಿದ್ದು ಅಲ್ಲೇ. ಅವರು ಅವಸರ ಮಾಡಲಿಲ್ಲ. ಕಾಂಡೋಮ್ ಹಾಕಿದ್ರಾ, ಬಲವಂತ ಏನಾದರೂ ಆಯ್ತಾ, ಒಬ್ಬರಾ ಜಾಸ್ತಿನಾ, ಗರ್ಭದ ಪರೀಕ್ಷೆ ಮಾಡಿಕೊಂಡ್ರಾ. ಒಂದಾದ ಮೇಲೆ ಒಂದು, ರೇಷನ್ ಕಾರ್ಡಿಗೆ ವಿವರ ಕೇಳುವವರ ಹಾಗೆ. ಆ ಸಪ್ಪೆ ದನಿ ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ.

ಫೋನಿನಲ್ಲಿ ಒಂದು ಕಡೆ ನಾಲ್ಕು ವಾರ, ಒಂದು ಕಡೆ ಆರು, ಒಂದು ಕಡೆ ಮೂರು ತಿಂಗಳು ಅಂತ ಇದ್ಯಲ್ಲ ಮೇಡಂ ಅಂದೆ. "ಟೆಸ್ಟ್ ಬೇರೆ ಬೇರೆ, ಅದಕ್ಕೆ ದಿನವೂ ಬೇರೆ" ಅಂದರು. ವೈರಸ್ ಬಂದ ಮೇಲೆ ನಮ್ಮ ಮೈ ಅದರ ವಿರುದ್ಧ ಪ್ರತಿಕಾಯ ಮಾಡಬೇಕು, ಇಲ್ಲಿನ ರ‍್ಯಾಪಿಡ್ ಟೆಸ್ಟ್ ಹುಡುಕುವುದು ಆ ಪ್ರತಿಕಾಯವನ್ನು. ಅದು ಸಾಕಷ್ಟು ಆಗುವವರೆಗೆ ಟೆಸ್ಟಿಗೆ ಕಾಣುವುದಿಲ್ಲ. ಮೂರು ತಿಂಗಳಾದರೆ ಪೂರ್ತಿ ನಂಬಬಹುದು. "ಹೆಸರುಕಾಳು ನೆನೆಹಾಕಿದ ತಕ್ಷಣ ಮೊಳಕೆ ನೋಡೋಕಾಗುತ್ತಾ? ಇವತ್ತಿನದು ಇವತ್ತಿಗೆ. ನವೆಂಬರ್‌ನಲ್ಲಿ ಮತ್ತೆ ಬನ್ನಿ." ಸಹಿ ಹಾಕಿಸಿಕೊಂಡರು. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ನನ್ನ ರಿಪೋರ್ಟ್ ಬೇರೆಯವರಿಗೆ ಹೇಳುವಂತಿಲ್ಲ, 2017ರಲ್ಲಿ ಇದಕ್ಕೇ ಕಾಯ್ದೆ ಆಗಿದೆ ಅಂತಲೂ ಹೇಳಿದರು. ರಕ್ತ ಕೊಟ್ಟೆ. ಎಚ್‌ಐವಿ, ಸಿಫಿಲಿಸ್ ಎರಡೂ ನಾನ್-ರಿಯಾಕ್ಟಿವ್, ಅಂದರೆ ಟೆಸ್ಟಿಗೆ ಏನೂ ಕಂಡಿಲ್ಲ. ಸಂತೋಷ ಪಡಬಹುದಾ ಅಂದೆ. "ಅರ್ಧ ಪಡಿ" ಅಂದರು.

ಅವರೇ ಚೀಟಿ ಬರೆದು ಸುರಕ್ಷಾ ಕ್ಲಿನಿಕ್‌ಗೆ ಕಳಿಸಿದರು. ಅಲ್ಲಿ ಡಾಕ್ಟರ್ ಮೊದಲು ಮೂತ್ರದಲ್ಲಿ ಗರ್ಭದ ಪರೀಕ್ಷೆ ಮಾಡಿಸಿದರು, ಒಂದೇ ಗೆರೆ, ಬಸಿರಿಲ್ಲ. ಆಮೇಲೆ ಮಂಚ, ಪರದೆ, ಒಳಗೆ ಅಗಲಿಸಿ ನೋಡುವ ತಣ್ಣನೆಯ ಸ್ಪೆಕ್ಯುಲಮ್. "ಉಸಿರು ಬಿಡಮ್ಮ, ಹಿಡ್ಕೊಂಡ್ರೆ ನೋವಾಗುತ್ತೆ." ಬಿಟ್ಟೆ. ಒಂದು ನಿಮಿಷವೂ ಆಗಲಿಲ್ಲ. ಹದಿನೈದು ದಿನ ಟಾರ್ಚ್ ಹಾಕಿ ನೋಡಿದ್ದ ಗುಳ್ಳೆಯನ್ನು ಅವರು ಒಂದು ಕ್ಷಣ ನೋಡಿ ಕೇಳಿದ್ದು, "ಶೇವ್ ಮಾಡ್ತೀಯಾ?" ಅಷ್ಟೇ. ಕೂದಲಿನ ಬುಡದ ಗುಳ್ಳೆ. ನನ್ನ ಹರ್ಪಿಸ್, ನನ್ನ ಸಿಫಿಲಿಸ್, ಎಲ್ಲ ರೇಜರಿನದು.

ಆದರೆ ಎಲ್ಲವೂ ಹಾಗೆ ಹಾರಿಹೋಗಲಿಲ್ಲ. ಒಡೆದ ಹಾಲಿನಂಥದ್ದು ಫಂಗಸ್. ಅದು ಅವನಿಂದಲೇ ಬಂದಿರಬೇಕು ಅಂತಿಲ್ಲ, ಯಾರಿಗೂ ಬರಬಹುದು. ಕ್ರೀಮ್ ಹಚ್ಚಿ ಅದನ್ನು ನಾನೇ ಬೆಳೆಸಿದ್ದೆ. ಅದರ ಹಿಂದೆ ಇನ್ನೊಂದು ಇತ್ತು. ಗರ್ಭಕೋಶದ ಬಾಯಿ ಕೆಂಪಾಗಿ, ಕೀವಿನಂಥ ಸ್ರಾವ ಇದೆ ಅಂದರು. ಗೊನೊರಿಯಾ ಇರಬಹುದು, ಕ್ಲಮಿಡಿಯ ಇರಬಹುದು. ಯಾವುದು ಅಂತ ಪಿಸಿಆರ್ ಮಾಡಿಸಿದರೆ ತಿಳಿಯುತ್ತದೆ, ಅದು ಹೊರಗೆ, ದುಬಾರಿ, ರಿಪೋರ್ಟಿಗೆ ಕಾಯಬೇಕು. ಇಲ್ಲಿನ ಪದ್ಧತಿ ಲಕ್ಷಣ ನೋಡಿ ಎರಡಕ್ಕೂ ಒಟ್ಟಿಗೆ ಔಷಧಿ ಕೊಡುವುದು. ಬಿಟ್ಟರೆ ಸೋಂಕು ಮೇಲಕ್ಕೆ ಹತ್ತಿ ಗರ್ಭನಾಳ ಕೆಡಿಸಬಹುದು.

ಔಷಧಿ ಬರುವುದು ಬಣ್ಣದ ಕಿಟ್‌ನಲ್ಲಿ. ದೇಶದ ಎಲ್ಲ ಸುರಕ್ಷಾ ಕ್ಲಿನಿಕ್‌ಗಳಲ್ಲೂ ಅದೇ ಏಳು ಬಣ್ಣ, ಒಂದೊಂದು ತೊಂದರೆಗೆ ಒಂದೊಂದು. ನನಗೆ ಎರಡು ಸಿಕ್ಕವು. ಒಡೆದ ಹಾಲಿನಂಥ ಸ್ರಾವಕ್ಕೆ ಹಸಿರು, ಅದರಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಗೊನೊರಿಯಾ, ಕ್ಲಮಿಡಿಯ ಎರಡಕ್ಕೂ ಬೂದು, ಅದರಲ್ಲಿ ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ನರ್ಸ್ ನೀರಿನ ಲೋಟ ಕೊಟ್ಟು ಎದುರಿಗೇ ನಿಂತರು, "ಮನೆಗೆ ತಗೊಂಡು ಹೋಗಿ ಮರೆಯೋದು ಬೇಡ." ಸಂಜೆವರೆಗೂ ಬಾಯಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ರುಚಿ, ಹೊಟ್ಟೆ ತೊಳಸು. ಬಿಲ್ಲು? ಏನೂ ಇಲ್ಲ. ಖಾಸಗಿ ಕ್ಲಿನಿಕ್‌ನಲ್ಲಿ ಆ ಎರಡು ನಿಮಿಷಕ್ಕೆ ಕೊಟ್ಟಿದ್ದು ಆರು ನೂರು.

ಹೊರಡುವಾಗ ಡಾಕ್ಟರ್ ಇನ್ನೊಂದು ಬೂದು ಕಿಟ್‌ನ ವಿಷಯ ಎತ್ತಿದರು. "ಅವರಿಗೂ ಕೊಡಬೇಕು. ಕಳಿಸು. ಏಳು ದಿನ ಯಾರ ಜೊತೆಗೂ ಬೇಡ. ಅವರು ತಗೊಳ್ಳದಿದ್ದರೆ ನಿನಗೆ ಮತ್ತೆ ಬರುತ್ತೆ, ಇಲ್ಲಾ ಇನ್ನೊಬ್ಬಳಿಗೆ ಹೋಗುತ್ತೆ." ನನಗೆ ಅವನ ಜೊತೆ ಮತ್ತೆ ಏನೂ ಬೇಕಿರಲಿಲ್ಲ. ಆದರೆ ಆ ಇನ್ನೊಬ್ಬಳು ಯಾಕೋ ತಲೆಯಲ್ಲಿ ಕೂತುಬಿಟ್ಟಳು.

ಮೆಸೇಜ್ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಕಳಿಸಿದ್ದು: "ನನಗೆ ಇನ್‌ಫೆಕ್ಷನ್ ಅಂತ ಹೇಳಿದ್ದಾರೆ. ನೀನೂ ಔಷಧಿ ತಗೋಬೇಕಂತೆ." ಎರಡು ನೀಲಿ ಗೆರೆ ಬಂತು. ಅರ್ಧ ಗಂಟೆ ಬಿಟ್ಟು ಉತ್ತರ: "ನನಗೇನೂ ಇಲ್ಲ. ನೀನು ಇನ್ಯಾರ ಜೊತೆ ಇದ್ದೆ?"

ಇದಕ್ಕೆ ನನ್ನ ಹತ್ತಿರ ಒಳ್ಳೊಳ್ಳೆ ಉತ್ತರಗಳಿದ್ದವು. ಕೆಲವನ್ನು ಈಗಲೂ ಬಸ್ಸಿನಲ್ಲಿ ಕೂತಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅವತ್ತು ಬರೆದದ್ದು ಆಪ್ತ ಸಮಾಲೋಚಕಿ ಹೇಳಿಕೊಟ್ಟ ಮಾತನ್ನೇ. ಲಕ್ಷಣ ಇಲ್ಲದೆಯೂ ಇರಬಹುದು, ಒಂದೇ ಸಲದ ಮಾತ್ರೆ, ದುಡ್ಡಿಲ್ಲ, ಇಂಥ ಆಸ್ಪತ್ರೆ, ಇಂಥ ಕೋಣೆ. ಉತ್ತರ ಬರಲಿಲ್ಲ. ಎಂಟು ದಿನ ಆದ ಮೇಲೆ ಒಂದು ಫೋಟೋ ಬಂತು. ಮೇಜಿನ ಮೇಲೆ ಹರಿದ ಬೂದು ಪೊಟ್ಟಣ, ಖಾಲಿ. ಒಂದಕ್ಷರ ಬರೆದಿರಲಿಲ್ಲ. ನಾನೂ ಹೆಬ್ಬೆರಳಿನ ಗುರುತು ಒಂದು ಹಾಕಿ ಸುಮ್ಮನಾದೆ. ನಮ್ಮ ಕೊನೆಯ ಮಾತು ಅದೇ.

ಅಷ್ಟರಲ್ಲಿ ನಾನು ಏಳನೇ ದಿನದ ತಪಾಸಣೆಗೆ ಹೋಗಿ ಬಂದಿದ್ದೆ. ಉರಿ, ತುರಿಕೆ ಎರಡೂ ನಿಂತಿದ್ದವು. ಹೆಪಟೈಟಿಸ್ ಬಿ ಕೂಡ ನೋಡಿಸಿದೆ, ಇರಲಿಲ್ಲ. ಇಲ್ಲದಿದ್ದಾಗಲೇ ಲಸಿಕೆ ಹಾಕಿಸಿಕೊಂಡುಬಿಡು, ಮೂರು ಡೋಸ್, ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ ಅಂದರು. ಹೊರಗಿನಿಂದ ತಂದು ಮೊದಲನೆಯದು ಅವತ್ತೇ ಹಾಕಿಸಿಕೊಂಡೆ. ಏನು ಬಂದಿತ್ತು, ಗೊನೊರಿಯಾನಾ ಕ್ಲಮಿಡಿಯನಾ, ಇವತ್ತಿಗೂ ತಿಳಿಯದು. ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋಯಿತು. ಮೊದಮೊದಲು ಅದು ಕಾಡುತ್ತಿತ್ತು.

ಗಣೇಶನ ಹಬ್ಬಕ್ಕೆ ಊರಿಗೆ ಹೋಗಲಿಲ್ಲ, ಕೆಲಸ ಅಂದೆ. ನಲವತ್ತಾರನೇ ದಿನ ತಡೆಯಲಾರದೆ ಖಾಸಗಿ ಲ್ಯಾಬ್‌ನಲ್ಲಿ ನಾಲ್ಕನೇ ತಲೆಮಾರಿನ ಎಚ್‌ಐವಿ ಟೆಸ್ಟ್ ಮಾಡಿಸಿದೆ. ಅದು ಪ್ರತಿಕಾಯದ ಜೊತೆ ವೈರಸ್ಸಿನ ಪಿ24 ಅನ್ನುವ ಪ್ರೋಟೀನನ್ನೂ ಹುಡುಕುತ್ತದೆ, 45 ದಿನಕ್ಕೆಲ್ಲ ಹೆಚ್ಚುಕಡಿಮೆ ಖಚಿತ. ನೆಗೆಟಿವ್. ಆದರೂ ಚುಕ್ಕೆ ಇಡುವುದು ನಿಲ್ಲಲಿಲ್ಲ. ರಾತ್ರಿ ಮಲಗುವ ಮುಂಚೆ ಒಂದು ಸಲ ಕ್ಯಾಲೆಂಡರ್ ಕಡೆ ನೋಡುವುದು ದೇವರ ಫೋಟೋ ನೋಡುವ ಹಾಗೆ ಅಭ್ಯಾಸ ಆಗಿತ್ತು.

ತೊಂಬತ್ತನೇ ದಿನ ಬಿದ್ದದ್ದು ನವೆಂಬರ್ 10, ಶುಕ್ರವಾರ. ದೀಪಾವಳಿಗೆ ಇನ್ನೆರಡೇ ದಿನ. ಬ್ಯಾಗ್ ಹೊತ್ತುಕೊಂಡೇ ಐಸಿಟಿಸಿಗೆ ಹೋದೆ, ಅಲ್ಲಿಂದ ಸೀದಾ ಊರಿನ ಬಸ್. ದುಪಟ್ಟಾ ಸುತ್ತಿರಲಿಲ್ಲ. ಮರೆತಿದ್ದೆ, ಅಷ್ಟೇ. ಆಪ್ತ ಸಮಾಲೋಚಕಿ ಗುರುತು ಹಿಡಿದರು. "ಹೆಸರುಕಾಳು" ಅಂದರು. ರಿಪೋರ್ಟ್ ಕೊಡುವಾಗ ಈ ಸಲ ಪೂರ್ತಿ ಪಡಿ ಅಂದರು. ಆಮೇಲೆ ಒಂದು ಕಂದು ಕವರಿನಲ್ಲಿ ಕಾಂಡೋಮ್ ಹಾಕಿ ಕೈಗಿಟ್ಟರು. "ಬೇಡ ಮೇಡಂ, ಊರಿಗೆ ಹೋಗ್ತಿದ್ದೀನಿ, ಅಮ್ಮ ಬ್ಯಾಗ್ ತೆಗೀತಾಳೆ" ಅಂದೆ. ಅವರು ನಕ್ಕು ಕವರನ್ನು ಸ್ಟೀಲ್ ಡಬ್ಬಿಯ ಪಕ್ಕ ಇಟ್ಟರು, "ಬಂದ ಮೇಲೆ ತಗೊಂಡು ಹೋಗು."

ಊರಿನಲ್ಲಿ ನರಕ ಚತುರ್ದಶಿಯ ಬೆಳಿಗ್ಗೆ ಅಮ್ಮ ತಲೆಗೆ ಎಣ್ಣೆ ತಟ್ಟುತ್ತಾ, "ಈಗ ಮುಖ ಸರಿಯಾಗಿದೆ ನೋಡು, ಉಷ್ಣ ಇಳಿದಿದೆ" ಅಂದಳು. ಕಾಮಕಸ್ತೂರಿಯ ಮಹಿಮೆ ಅಂತ ಅವಳ ನಂಬಿಕೆ. ಇರಲಿ.

ಹೊಸ ವರ್ಷದ ಕ್ಯಾಲೆಂಡರನ್ನೂ ಅವಳೇ ಕಳಿಸಿದಳು. ಹಳೆಯದನ್ನು ತೆಗೆದು ಹೊಸದನ್ನು ಮೊಳೆಗೆ ತೂಗುಹಾಕಿ, ಮಾರ್ಚ್ ಹಾಳೆ ತೆಗೆದು 12ರ ಮೂಲೆಯಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟೆ. ಮೂರನೇ ಡೋಸ್. ರೂಮ್‌ಮೇಟ್ ಹಾಸಿಗೆಯಿಂದಲೇ ನೋಡಿ, "ಈ ಸಲ ಒಂದೇ ದಿನ ಹಾಲಾ?" ಅಂದಳು. ದೀಪ ಆರಿಸಿ, ಪಕ್ಕದಲ್ಲಿ ಕೂತು, ಮೊದಲಿಂದ ಹೇಳಿದೆ.